ಭಾರದ ಟರ್ಬೊ, ಬಿಗಿ ಬ್ರಾಕೆಟ್ಟು: ಬಿಸ್ಲೆ ಘಾಟಿಲಿ ನನ್ನ ಜೀಪಿಗೆ ಬೆಂಕಿ ಹತ್ತಿದ್ದು ಹೀಗೆ

ಕಸ್ಟಮ್ ಮ್ಯಾನಿಫೋಲ್ಡ್ (ಎಂಜಿನ್ನಿನ ಬಿಸಿ ಹೊಗೆನ ಟರ್ಬೊಗೆ ಒಯ್ಯೋ ಪೈಪುಗಳ ಜೋಡಣೆ) ಮಾಡಿಸಿ ದೊಡ್ಡ ಟರ್ಬೊ (ಆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಪಂಪು) ಕೂರ್ಸೋಕೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಬೆಂಕಿ ಹತ್ತಿದಾಗ ಪಕ್ಕದ ಸೀಟಲ್ಲಿ ನನ್ನ ಭಾವಮೈದ ಇದ್ದ, ಹಿಂದೆ ಅವನ ಎಂಟು ವರ್ಷದ ಮಗಳಿದ್ಲು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆ ಮಗು ಇವತ್ತಿಗೂ ಜೀಪು ಹತ್ತಲ್ಲ.

ಗಾಡಿ ಹಳೆ ಡೀಸೆಲ್ ಜೀಪು, ನಾಲ್ಕು ಸಿಲಿಂಡರು. ಶಿವಾಜಿನಗರದ ಗುಜರಿಲಿ ದೊಡ್ಡ ಲಾರಿದೊಂದು ಟರ್ಬೊ ಕಡಿಮೆ ರೇಟಿಗೆ ಸಿಕ್ತು, ವೇಸ್ಟ್‌ಗೇಟು (ಜಾಸ್ತಿ ಆದ ಹೊಗೆನ ಪಕ್ಕಕ್ಕೆ ಬಿಡೋ ವಾಲ್ವು), ಡೌನ್‌ಪೈಪಿನ (ಟರ್ಬೊಯಿಂದ ಹೊಗೆ ಹೊರಗೆ ಹೋಗೋ ಪೈಪಿನ) ಬೆಂಡು ಎಲ್ಲಾ ಸೇರಿಸಿ ತಕ್ಕಡಿ ಕೊಕ್ಕೆಗೆ ನೇತು ಹಾಕಿದ್ರೆ 16 ಕೆಜಿ. ಕೆಳಗಡೆ ಸ್ಟೇರಿಂಗ್ ಬಾಕ್ಸ್ ಅಡ್ಡ ಬರ್ತಿತ್ತು, ಅದಕ್ಕೆ ಮ್ಯಾನಿಫೋಲ್ಡ್ ಮೇಲ್ಗಡೆ ಎತ್ತಿ ಕೂರಿಸಿದ್ವಿ. ಪೈಪು 304 ಸ್ಟೇನ್‌ಲೆಸ್, ದಪ್ಪ ಒಂದೂವರೆ ಮಿ.ಮೀ., ಅಂದ್ರೆ ಸೈಲೆನ್ಸರ್‌ಗೆ ಹಾಕೋ ಪೈಪೇ. ಆರ್ಗಾನ್ ವೆಲ್ಡಿಂಗ್ ನೋಡೋಕೆ ಬಲು ಚೆನ್ನಾಗಿತ್ತು, ಆದ್ರೆ ವೆಲ್ಡ್ ಮಾಡುವಾಗ ಗಾಳಿ ತಾಗದಂಗೆ ಪೈಪಿನ ಒಳಗಡೆನೂ ಆರ್ಗಾನ್ ಗ್ಯಾಸ್ ಬಿಟ್ಟಿರ್ಲಿಲ್ಲ ಅನ್ನೋದು ಕುಯ್ದು ನೋಡಿದಾಗಲೇ ಗೊತ್ತಾಗಿದ್ದು, ವೆಲ್ಡಿಂಗ್ ಗೆರೆಯ ಹಿಂಬದಿ ಎಲ್ಲಾ ಸುಟ್ಟು ಕರಕಲು ಕರಕಲು, ಬಿರುಕು ಶುರುವಾಗೋದೇ ಅಂಥ ಜಾಗದಲ್ಲಿ.

ಮೊದಲ ಸಲ ಟರ್ಬೊ ಭಾರ ಹೊರೋ ಬ್ರಾಕೆಟ್ಟೇ ಇರ್ಲಿಲ್ಲ. ನಾಲ್ಕು ತಿಂಗಳಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಟಿಕ್ ಅಂತ ಸೌಂಡು, ಬಿಸಿ ಆದ್ಮೇಲೆ ಮಾಯ. ಟ್ಯಾಪೆಟ್ (ಎಂಜಿನ್ ವಾಲ್ವ್ ತಳ್ಳೋ ಭಾಗ) ಇರ್ಬೇಕು ಅಂದ್ಕೊಂಡೆ. ಅದು ಟ್ಯಾಪೆಟ್ ಅಲ್ಲ, ನಾಲ್ಕು ಪೈಪು ಕೂಡೋ ಕಡೆ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಬಿಸಿಗೆ ಲೋಹ ಹಿಗ್ಗಿದಾಗ ಮುಚ್ಕೊಳ್ತಿತ್ತು. ಸುತ್ತ ಮಸಿ ಕೂತಿತ್ತು, ಟಾರ್ಚ್ ಬಿಟ್ಟು ನೋಡಿದ್ರೆ ಅವತ್ತೇ ಕಾಣ್ತಿತ್ತು. ನಿಂತಿರೋ ಗಾಡಿಲಿ 16 ಕೆಜಿ ಬರೀ 16 ಕೆಜಿ, ಆದ್ರೆ ಆಫ್ ರೋಡಲ್ಲಿ ಚಕ್ರ ಗುಂಡಿಗೆ ಬಿದ್ದು ಮೂರು ಜಿ ಏಟು (ಅಂದ್ರೆ ತೂಕದ ಮೂರು ಪಟ್ಟು) ಬಂದ್ರೆ ಆ ತೆಳು ಪೈಪು ಸುಮಾರು 50 ಕೆಜಿ ಎಳೆತ ತಡೀಬೇಕು, ಅದೂ ಮೇಲ್ಗಡೆ ಉದ್ದ ಸನ್ನೆಕೋಲು ಹಾಕಿ ಎಳೆದಂಗೆ, ಅದೂ ಕೆಂಪಗೆ ಕಾದಿರೋವಾಗ.

ಎರಡನೇ ಸಲ ಮಾಡಿಸಿದ್ದೇ ದೊಡ್ಡ ತಪ್ಪು. ಬಿರುಕಿಗೆ ವೆಲ್ಡ್ ಮಾಡಿ, "ಸಾರ್, ಇನ್ನು ಅಲ್ಲಾಡೋ ಮಾತೇ ಇಲ್ಲ" ಅಂತ 8 ಎಂಎಂ ಪ್ಲೇಟಲ್ಲಿ ಟರ್ಬೊ ಫ್ಲಾಂಜಿಂದ (ಬೋಲ್ಟ್ ಹಾಕೋ ಚಪ್ಪಟೆ ಅಂಚಿಂದ) ನೇರ ಚಾಸಿಗೆ ಬಿಗಿ ಮಾಡಿ ಕೊಟ್ರು, ನಾನೂ ಖುಷಿಯಾಗಿ ತಗೊಂಡು ಬಂದೆ. ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ, ಆಕ್ಸಿಲೇಟರ್ ಕೊಟ್ಟಾಗೆಲ್ಲಾ ವಾಲುತ್ತೆ, ಚಾಸಿ ಮಾತ್ರ ಅಲ್ಲೇ ಇರುತ್ತೆ. ಅಂದ್ರೆ ಪ್ರತಿ ಸಲ ಎಂಜಿನ್ನು ತನ್ನ ಮ್ಯಾನಿಫೋಲ್ಡನ್ನ ತಾನೇ ತಿರುಚುತ್ತೆ. ಇದರ ಮೇಲೆ ಶಾಖ ಬೇರೆ. 35 ಸೆಂ.ಮೀ. ಸ್ಟೇನ್‌ಲೆಸ್ಸು 550 ಡಿಗ್ರಿ ಏರಿದ್ರೆ 3 ಮಿ.ಮೀ.ಗಿಂತ ಜಾಸ್ತಿ ಉದ್ದ ಆಗುತ್ತೆ, ಅದನ್ನ ಬಿಗಿದಿರೋ ಎಂಜಿನ್ ಹೆಡ್ಡು ನೂರು ಡಿಗ್ರಿ ಆಸುಪಾಸಲ್ಲೇ ಇರುತ್ತೆ. ಹಿಗ್ಗೋಕೆ ಜಾಗ ಕೊಡದಿದ್ರೆ ಅದೇ ಜಾಗ ಮಾಡ್ಕೊಳ್ಳುತ್ತೆ, ಸ್ಟಡ್ (ಮ್ಯಾನಿಫೋಲ್ಡನ್ನ ಹೆಡ್ಡಿಗೆ ಬಿಗಿಯೋ ಬೋಲ್ಟು) ಮುರಿದೋ ಪೈಪ್ ಸೀಳಿಯೋ.

ಕುಕ್ಕೆ ಕಡೆಯಿಂದ ಬಿಸ್ಲೆ ಏರು ಹತ್ತುವಾಗ ಅದೇ ಆಯ್ತು. ಸೆಕೆಂಡ್ ಗೇರು, ಪೂರ್ತಿ ಲೋಡು, ಅರ್ಧ ಗಂಟೆ. ಟಪ್ ಅಂತು, ಪವರ್ ಹೋಯ್ತು. ಹೆಡ್ಡಿನ ಕೊನೇ ಎರಡು ಸ್ಟಡ್ ಕಟ್ ಆಗಿ ಮ್ಯಾನಿಫೋಲ್ಡ್ ಬಾಗಿ, ಟರ್ಬೊಗೆ ಹೋಗೋ ತಾಮ್ರದ ಆಯಿಲ್ ಪೈಪು ಮುರೀತು. ಎಂಜಿನ್ ಆಯಿಲ್ಲು ಪ್ರೆಶರಲ್ಲಿ ಕಾದ ಟರ್ಬೊ ಮೇಲೆ ಚಿಮ್ಮಿದ್ರೆ ಕಿಡಿ ಏನೂ ಬೇಕಾಗಲ್ಲ, ಆ ಶಾಖವೇ ಸಾಕು. ಬಾನೆಟ್ ಸಂದಿಯಿಂದ ಹೊಗೆ, ಆಮೇಲೆ ಉರಿ. ಎಂಜಿನ್ ಆಫ್ ಮಾಡಿದ್ದರಿಂದ ಆಯಿಲ್ ಪ್ರೆಶರ್ ನಿಂತು ಬದುಕಿದ್ವಿ, ಇಲ್ಲಾಂದ್ರೆ ಇನ್ನಷ್ಟು ಸುರೀತಿತ್ತು. ಫೈರ್ ಎಕ್ಸ್‌ಟಿಂಗ್ವಿಷರ್ ಇರ್ಲಿಲ್ಲ, ರಸ್ತೆ ಪಕ್ಕದ ಮಣ್ಣು ಬಾಚಿ ಬಾಚಿ ಎರಚಿದ್ವಿ. ವೈರಿಂಗ್ ಪೂರ್ತಿ ಹೋಯ್ತು. ಇನ್ಶೂರೆನ್ಸ್ ಕೇಳೋ ಮುಖ ಇರ್ಲಿಲ್ಲ, ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ಕ್ಕೆ ವಿರುದ್ಧ. ಅದನ್ನೂ ಗೊತ್ತಿದ್ದೇ ಇಳೀರಿ.

ಸರಿದಾರಿ ತೋರಿಸಿದ್ದು ನಮ್ಮ ದೊಡ್ಡಪ್ಪ. ಮಂಡ್ಯ ಕಡೆ ಸಕ್ಕರೆ ಫ್ಯಾಕ್ಟರಿಲಿ ಸ್ಟೀಮ್ ಲೈನ್ ಫಿಟ್ಟರ್ ಆಗಿದ್ದೋರು. ಸುಟ್ಟ ಬ್ರಾಕೆಟ್ ಕೈಲಿ ಹಿಡ್ಕೊಂಡು ನೋಡಿ, "ಮಗ, ಬಿಸಿ ಪೈಪ್‌ನ ಹೊತ್ಕೋಬೇಕು ಕಣೋ, ಕಟ್ಟಾಕ್ಬಾರ್ದು" ಅಂದ್ರು. ಸ್ಟೀಮ್ ಲೈನಲ್ಲಿ ಒಂದು ಕಡೆ ಮಾತ್ರ ಬಿಗಿ, ಉಳಿದ ಕಡೆ ಪೈಪು ಸ್ಪ್ರಿಂಗ್ ಹ್ಯಾಂಗರಿಗೆ ನೇತಾಡುತ್ತೆ, ಇಲ್ಲಾ ಜಾರೋ ಪಾದದ ಮೇಲೆ ಕೂರುತ್ತೆ, ನಡುನಡುವೆ ಯು ಬೆಂಡ್ ಕೊಟ್ಟಿರ್ತಾರೆ.

ಅದೇ ಲೆಕ್ಕದಲ್ಲಿ ಹೊಸದಾಗಿ ಮಾಡಿದ್ವಿ. ಪೈಪು ಶೆಡ್ಯೂಲ್ 10 (ಪೈಪಿನ ದಪ್ಪ ಹೇಳೋ ನಂಬರು), ಒಂದೂವರೆ ಇಂಚಿಗೆ 2.77 ಮಿ.ಮೀ. ದಪ್ಪ ಬರುತ್ತೆ, ಒಳಗಡೆ ಆರ್ಗಾನ್ ಬಿಟ್ಕೊಂಡೇ ವೆಲ್ಡಿಂಗು. ಹೆಡ್ ಫ್ಲಾಂಜಲ್ಲಿ ನಡುವಿನ ತೂತು ಕರೆಕ್ಟ್ ಸೈಜು, ಅಂಚಿಗೆ ಹೋದಂಗೆ ಹಿಗ್ಗೋಕೆ ಜಾಗ ಇರ್ಲಿ ಅಂತ ಉದ್ದುದ್ದ ತೂತು. ಬ್ರಾಕೆಟ್ಟು ಎಂಜಿನ್ ಬ್ಲಾಕಿನ ಬೋಲ್ಟಿಗೇ, ಚಾಸಿಗೆ ಒಂದು ಎಳೆಯೂ ಇಲ್ಲ. ಅಲ್ಲಿಂದ ಟರ್ಬೊ ಫ್ಲಾಂಜಿಗೆ ಎರಡೂ ಕಡೆ ರಾಡ್ ಎಂಡ್ (ಎತ್ತಲೂ ವಾಲೋ ಗುಂಡು ಕೀಲು) ಇರೋ ಒಂದು ರಾಡು, ಅದರ ಕೆಳತುದಿಲಿ ಸ್ಪ್ರಿಂಗು. ಸ್ಪ್ರಿಂಗ್ ಟರ್ಬೊ ಹತ್ರ ಇಡಬೇಡಿ, ಶಾಖಕ್ಕೆ ಅದರ ಬಿಗಿ ಸತ್ತು ಹೋಗುತ್ತೆ, ಕೆಳಗೆ ತಣ್ಣಗಿರೋ ಕಡೆ ಇಡಿ. 16 ಕೆಜಿಗೆ 20 ಮಿ.ಮೀ. ಕುಗ್ಗೋ ಸ್ಪ್ರಿಂಗ್ ಆರಿಸಿದ್ವಿ, ಟರ್ಬೊ ಬಿಸಿಗೆ 2 ಮಿ.ಮೀ. ಮೇಲೆದ್ರೂ ಆಸರೆ ಹತ್ತನೇ ಒಂದು ಭಾಗ ಮಾತ್ರ ಕಮ್ಮಿ ಆಗುತ್ತೆ. ಡೌನ್‌ಪೈಪಿಗೆ ಟರ್ಬೊ ಆದ ತಕ್ಷಣ ಫ್ಲೆಕ್ಸಿಬಲ್ ಬೆಲ್ಲೋಸು (ಬಾಗೋ, ಹಿಗ್ಗೋ ಮಡಿಕೆ ಪೈಪು), ಮುಂದಿನ ಪೈಪಿನ ಭಾರ ಗೇರ್‌ಬಾಕ್ಸ್ ಮೇಲೆ. ಆಯಿಲ್ ಲೈನು ಸ್ಟೀಲ್ ಹೆಣಿಗೆದು, ಸ್ವಲ್ಪ ಸಡಿಲ ಬಿಟ್ಟು, ಮೇಲೆ ಶಾಖ ತಡೆಯೋ ಕವರು.

ಎರಡು ಮಳೆಗಾಲ ಆಯ್ತು, ಬಿರುಕಿಲ್ಲ. ಆದ್ರೂ ಐದೈದು ಸಾವಿರ ಕಿಲೋಮೀಟರಿಗೆ ಎಂಜಿನ್ ತಣ್ಣಗಿರೋವಾಗ ಸ್ಟಡ್ ಎಲ್ಲಾ ಚೆಕ್ ಮಾಡ್ತೀನಿ, ರಾಡನ್ನ ಕೈಯಲ್ಲಿ ತಿರುಗಿಸಿ ನೋಡ್ತೀನಿ, ಸುಲಭವಾಗಿ ತಿರುಗಬೇಕು, ಗಟ್ಟಿ ಹಿಡ್ಕೊಂಡಿದ್ರೆ ಎಲ್ಲೋ ಏನೋ ಬಾಗಿದೆ ಅಂತ ಅರ್ಥ. ನಿಮ್ಮ ಗಾಡಿಲಿ ಬೆಳಗಿನ ಹೊತ್ತು ಆ ಟಿಕ್ ಟಿಕ್ ಕೇಳ್ತಿದ್ರೆ ಘಾಟಿಗೆ ತಗೊಂಡು ಹೋಗ್ಬೇಡಿ, ಬಾನೆಟ್ ಎತ್ತಿ ಮಸಿ ಎಲ್ಲಿ ಕೂತಿದೆ ನೋಡಿ, ಫೋಟೋ ಹಾಕಿ, ನನಗೆ ತಿಳಿದಷ್ಟು ಹೇಳ್ತೀನಿ.