ಬಾಂಡ್‌ಗೆ ಸಹಿ ಹಾಕುವ ಮೊದಲು: ಅಸಲು ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ

ಪದವಿ ಮುಗಿಸಿ ಮೊದಲ ಕೆಲಸಕ್ಕೆ ಹೊರಟಿರುವವರೂ ಅವರ ತಂದೆತಾಯಿಯರೂ ಇದನ್ನು ಓದಬೇಕೆಂದು ಕೋರುತ್ತೇನೆ. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದ ದಿನ ನಾನು ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿದೆ. ನಡುವೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು, ಎಸ್‌ಎಸ್‌ಎಲ್‌ಸಿಯಿಂದ ಪದವಿಯವರೆಗಿನ ಅಸಲು ಅಂಕಪಟ್ಟಿಗಳು ಕಂಪನಿಯ ಬಳಿಯೇ ಇರಬೇಕು, ಭದ್ರತೆಗೆಂದು ಮೊತ್ತ ಬರೆಯದ ಒಂದು ಚೆಕ್ ಕೊಡಬೇಕು ಎಂಬುದು ಅದರ ಷರತ್ತು. ಜಾಮೀನಿಗೆ ಅಪ್ಪ ಬಂದಿದ್ದರು. ಛಾಪಾ ಕಾಗದವನ್ನು ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದಾಗ, "ಎಲ್ಲರಿಗೂ ಇದೇ ಅಪ್ಪಾ, ಸಹಿ ಹಾಕಿ" ಎಂದು ಅವಸರಪಡಿಸಿದವನು ನಾನೇ.

ಆ ಅವಸರದ ಹಿಂದೆ ಒಂದು ನಂಬಿಕೆಯೂ ಇತ್ತು. ಕಾಲೇಜಿನ ದಿನಗಳಲ್ಲಿ ನನಗೆ ಲಿಬರ್ಟೇರಿಯನ್ ಚಿಂತನೆ ಬಹಳ ಹಿಡಿಸಿತ್ತು. ಇಬ್ಬರು ವಯಸ್ಕರು ಒಪ್ಪಿ ಮಾಡಿಕೊಂಡ ಒಪ್ಪಂದದಲ್ಲಿ ಸರ್ಕಾರ ಕೈಹಾಕಬಾರದು, ಕಾರ್ಮಿಕ ಕಾನೂನು ಬಿಗಿಯಾದಷ್ಟೂ ಕೆಲಸ ಕೊಡುವವರು ಹಿಂಜರಿಯುತ್ತಾರೆ, ದುಡಿಯುವವನ ನಿಜವಾದ ರಕ್ಷಣೆ ಇರುವುದು ಬೇಡವಾದ ಕೆಲಸವನ್ನು ಬಿಟ್ಟು ಹೋಗುವ ಅವಕಾಶದಲ್ಲಿ ಎಂದು ನಾನು ಎಲ್ಲರೊಡನೆ ವಾದಿಸುತ್ತಿದ್ದೆ. ಈ ಕೊನೆಯ ಮಾತನ್ನು ಇಂದಿಗೂ ನಂಬುತ್ತೇನೆ. ಆದರೆ ನಾನು ಸಹಿ ಹಾಕಿ ಒಪ್ಪಿಸಿದ್ದು ಆ ಅವಕಾಶವನ್ನೇ.

ಒಂಬತ್ತನೆಯ ತಿಂಗಳಿಗೆ, ರಾತ್ರಿ ಪಾಳಿಯಿಂದ ಆರೋಗ್ಯ ಕೆಟ್ಟಿದ್ದಾಗ, ಬೇರೊಂದು ಕಡೆ ಕೆಲಸ ಸಿಕ್ಕಿತು. ಅಲ್ಲಿ ಪರಿಶೀಲನೆಗೆ ಅಸಲು ದಾಖಲೆ ಕೇಳಿದರು. ನಮ್ಮ ಎಚ್‌ಆರ್ ವಿಭಾಗದವರು ದನಿ ಏರಿಸಲಿಲ್ಲ, ಬೆದರಿಸಲೂ ಇಲ್ಲ. "ನೀವೇ ಒಪ್ಪಿದ್ದೀರಲ್ಲ, ದುಡ್ಡು ಕಟ್ಟಿ ತೆಗೆದುಕೊಂಡು ಹೋಗಿ" ಎಂದಷ್ಟೇ ಹೇಳಿದರು. ನನ್ನ ಸಂಬಳ ತಿಂಗಳಿಗೆ ಹದಿನೆಂಟು ಸಾವಿರ. ಹೊಸ ಕಂಪನಿ ಮೂರು ವಾರ ಕಾದು ಬೇರೆಯವರನ್ನು ತೆಗೆದುಕೊಂಡಿತು.

ಆ ನಂತರವೇ ನಾನು ನೆಚ್ಚಿದ ಚಿಂತಕರನ್ನು ಮತ್ತೆ ಗಮನವಿಟ್ಟು ಓದಿದೆ. ಸ್ವತಂತ್ರ ವ್ಯವಸ್ಥೆಯೊಂದು ಮನುಷ್ಯನಿಗೆ ತನ್ನನ್ನೇ ಗುಲಾಮಗಿರಿಗೆ ಮಾರಿಕೊಳ್ಳಲೂ ಅವಕಾಶ ಕೊಡುತ್ತದೆ ಎಂದು ತಾನು ಭಾವಿಸುವುದಾಗಿ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಬರೆದಿದ್ದರು. ಅಲ್ಲಿನ ಅರ್ಥಶಾಸ್ತ್ರಜ್ಞ ಮರ್ರೆ ರಾಥ್‌ಬರ್ಡ್ ಇದನ್ನು ಒಪ್ಪುವುದಿಲ್ಲ. ಮನುಷ್ಯನ ಇಚ್ಛಾಶಕ್ತಿ ಪರರಿಗೆ ಕೊಡಲು ಬರುವಂಥದ್ದಲ್ಲ, ಆದ್ದರಿಂದ ಕೆಲಸ ಬಿಡುವವನನ್ನು ಯಾರೂ ತಡೆಯುವಂತಿಲ್ಲ ಎನ್ನುತ್ತಾರೆ. ಆದರೆ ಬಿಟ್ಟರೆ ಇಷ್ಟು ಹಣ ಕೊಡುತ್ತೇನೆಂದು ಮೊದಲೇ ಬರೆದುಕೊಟ್ಟಿದ್ದರೆ ಆ ಹಣವನ್ನು ತೆರಲೇಬೇಕು ಎಂಬುದೂ ಅವರದೇ ವಾದ. ಕಾಗದದ ಮೇಲೆ ಇವೆರಡರ ನಡುವೆ ದೊಡ್ಡ ಅಂತರವಿದೆ. ಹನ್ನೊಂದು ತಿಂಗಳ ಸಂಬಳವನ್ನೂ ಮೀರುವ ಮೊತ್ತವನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಆ ಅಂತರ ಕಾಣಿಸುವುದಿಲ್ಲ. ನನ್ನದನ್ನು ಜೀತ ಎನ್ನಲಾರೆ. ತಲೆಮಾರುಗಳ ಸಾಲಕ್ಕೆ ಒಡೆಯನ ಮನೆಯಲ್ಲಿ ದುಡಿದವರ ನೋವಿನ ಪಕ್ಕದಲ್ಲಿ ಅದನ್ನು ಇಡುವುದು ಅನ್ಯಾಯ. ಆದರೂ ಏಷ್ಯನ್ ಕ್ರೀಡಾಕೂಟದ ನಿರ್ಮಾಣ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದ ಒಂದು ವಿಷಯ, ಅಂದರೆ ಬಲವಂತವೆಂಬುದು ದೈಹಿಕವಾಗಿಯೇ ಇರಬೇಕಿಲ್ಲ, ಬೇರೆ ದಾರಿಯೇ ಉಳಿಯದಂತೆ ಮಾಡುವ ಆರ್ಥಿಕ ಒತ್ತಡವೂ ಬಲವಂತವೇ ಎಂಬುದು, ಒಪ್ಪಿಗೆಯ ಬಗ್ಗೆ ನಾನು ಓದಿದ್ದರಲ್ಲೆಲ್ಲ ಹೆಚ್ಚು ಸತ್ಯವಾಗಿ ಕಂಡಿತು.

ಬಾಂಡ್‌ಗಳೆಲ್ಲ ಅಸಿಂಧು ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮು ಉದ್ಯೋಗಕ್ಕೆ ಅಡ್ಡಿಯಾಗುವ ಕರಾರನ್ನು ಅಸಿಂಧು ಎನ್ನುತ್ತದೆ, ನಿಜ. ಆದರೆ ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ ಬಾಂಡ್ ಅದರಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪಿತ್ತು, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟ ಅಧಿಕಾರಿ ಕಟ್ಟಿದ್ದ ಎರಡು ಲಕ್ಷವನ್ನು ಬ್ಯಾಂಕ್ ಹಿಂದಿರುಗಿಸಬೇಕಿಲ್ಲ ಎಂದಿತು. ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ ವೆಚ್ಚ ಆ ತೀರ್ಪಿನಲ್ಲಿ ಮುಖ್ಯವಾಗಿತ್ತು. ನಿಮಗೆ ಉಳಿದಿರುವ ಆಸರೆ ಅದೇ ಕರಾರು ಕಾಯ್ದೆಯ 74ನೆಯ ಕಲಮು: ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು. ಆದ್ದರಿಂದ ತರಬೇತಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆಂದು ಸಹಿಗೆ ಮೊದಲೇ ಬರಹದಲ್ಲಿ ಕೇಳಿ. ನನಗೆ ಸಿಕ್ಕ ತರಬೇತಿ ಹನ್ನೆರಡು ದಿನ, ಅದೂ ಹಿರಿಯ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತು ಕಲಿತದ್ದು.

ಖಾಲಿ ಚೆಕ್ಕನ್ನಂತೂ ಕೊಡಲೇಬೇಡಿ. ಸಹಿ ಮಾಡಿದ ಚೆಕ್ಕಿನಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರೆ, ಖಾತೆಯಲ್ಲಿ ಹಣವಿಲ್ಲದೆ ಅದು ಮರಳಿದರೆ, ವಿಷಯ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನ ಕ್ರಿಮಿನಲ್ ಮೊಕದ್ದಮೆಯಾಗಬಹುದು. ನನ್ನ ವಕೀಲರು ಬೇಗ ಇತ್ಯರ್ಥ ಮಾಡಿಕೊಳ್ಳಲು ಹೇಳಿದ್ದು ಈ ಒಂದೇ ಕಾರಣಕ್ಕೆ. ಅಂಕಪಟ್ಟಿ ಕೇಳಿದರೆ ಅಸಲನ್ನು ತೋರಿಸಿ, ದೃಢೀಕೃತ ಪ್ರತಿ ಕೊಟ್ಟು, ಅಸಲನ್ನು ಅಲ್ಲೇ ವಾಪಸು ಪಡೆಯಿರಿ. ಅದಕ್ಕೆ ಒಪ್ಪದ ಕಡೆ ಸೇರಬೇಡಿ.

ಕೊನೆಗೆ ಎಪ್ಪತ್ತು ಸಾವಿರಕ್ಕೆ ಮಾತು ಮುಗಿಯಿತು. ಅಪ್ಪ ಊರಿನ ಸೊಸೈಟಿಯಲ್ಲಿ ಸಾಲ ತೆಗೆದು ತಂದುಕೊಟ್ಟರು. ಅಂಕಪಟ್ಟಿಗಳನ್ನು ಕಂಪನಿಯವರು ರಟ್ಟಿನ ಫೈಲಿಗೆ ಸೇರಿಸಿ ದಾರ ಕಟ್ಟಿಟ್ಟಿದ್ದರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಪಂಚಿಂಗ್ ಯಂತ್ರದ ತೂತು ಅಮ್ಮನ ಹೆಸರಿನ ಮೊದಲ ಅಕ್ಷರದ ಮೇಲೆಯೇ ಬಿದ್ದಿದೆ. ಈಗ ಕೆಲಸ ಮಾಡುತ್ತಿರುವ ಕಡೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಐದು ನಿಮಿಷದಲ್ಲಿ ನನ್ನ ಕೈಗೇ ಕೊಟ್ಟರು.