ಮನೆಯಲ್ಲಿ ಕಾಡತೂಸು ಮರುಭರ್ತಿ: ಸುತ್ತಿಗೆ ಕಿಟ್ಟೋ, ಸಿಂಗಲ್ ಸ್ಟೇಜ್ ಪ್ರೆಸ್ಸೋ?

ಹಾರಿಸಿದ ಕಾಡತೂಸಿನ ಖಾಲಿ ಕೇಸಿಗೆ (ಲೋಹದ ಕೊಳವೆಗೆ) ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ತಳದ ಬಟ್ಟಲು), ಮದ್ದು, ಬುಲೆಟ್ ಹಾಕಿ ಮತ್ತೆ ಬಳಸುವುದೇ ಮರುಭರ್ತಿ. ಅಮೆರಿಕದಲ್ಲಿ ಕಡಿಮೆ ದುಡ್ಡಿನಲ್ಲಿ ಇದನ್ನು ಶುರುಮಾಡುವವರ ಮುಂದೆ ಸಾಮಾನ್ಯವಾಗಿ ಇರುವುದು ಈ ಎರಡು ದಾರಿ. (ಭಾರತದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.)

ಸುತ್ತಿಗೆ ಕಿಟ್ ಅಂದರೆ ಲೀ ಲೋಡರ್, ಅಂಗೈಯಗಲದ ಡಬ್ಬಿ. ಹಳೆ ಪ್ರೈಮರ್ ತೆಗೆಯುವುದರಿಂದ ಬುಲೆಟ್ ಕೂರಿಸುವವರೆಗೆ ಎಲ್ಲಕ್ಕೂ ಸುತ್ತಿಗೆಯೇ. ಒಂದೇ ಬೋಲ್ಟ್ ರೈಫಲ್ (ಕೈಯಿಂದ ಅಗುಳಿ ಎಳೆದು ತಳ್ಳುವಂಥದ್ದು) ಇದ್ದವರಿಗೆ ಸಾಕು. ಆದರೆ ಹಾರಿಸಿದಾಗ ಹಿಗ್ಗಿದ ರೈಫಲ್ ಕೇಸಿನ ಕುತ್ತಿಗೆಯನ್ನಷ್ಟೇ ಬಿಗಿ ಮಾಡುತ್ತದೆ. ಬೇರೆ ಬಂದೂಕಿನ ಚೇಂಬರ್‌ಗೆ (ಕಾಡತೂಸು ಕೂರುವ ಗೂಡಿಗೆ) ಆ ಕೇಸು ಕೂರದೇ ಹೋಗಬಹುದು. ಬಡಿಯುವಾಗ ಪ್ರೈಮರ್ ಸಿಡಿಯುವುದೂ ಉಂಟು, ಕನ್ನಡಕ ಕಡ್ಡಾಯ.

ಸಿಂಗಲ್ ಸ್ಟೇಜ್ ಪ್ರೆಸ್ ಹ್ಯಾಂಡಲ್ ಎಳೆದು ಸಲಕ್ಕೆ ಒಂದೇ ಕೆಲಸ ಮಾಡುವ ಯಂತ್ರ. ಅದಕ್ಕೆ ಡೈ (ಕೇಸನ್ನು ಒತ್ತಿ ಅಳತೆಗೆ ತರುವ ಅಚ್ಚು), ಶೆಲ್ ಹೋಲ್ಡರ್ (ಕೇಸಿನ ತಳ ಹಿಡಿಯುವ ತುಂಡು), ಗಟ್ಟಿ ಮೇಜು ಎಲ್ಲ ಬೇಕು, ಖರ್ಚು ಹೆಚ್ಚು. ಬದಲಿಗೆ ಕೇಸು ಪೂರ್ತಿ ಅಳತೆಗೆ ಬರುತ್ತದೆ. 9 ಎಂಎಂ ಪಿಸ್ತೂಲ್ ಕಾಡತೂಸಿಗೆ ಕಾರ್ಬೈಡ್ (ತೀರಾ ಗಡಸು, ನುಣುಪು ವಸ್ತು) ಡೈ ಕೊಂಡರೆ ಎಣ್ಣೆ ಬೇಡ. ರೈಫಲ್ ಕೇಸಿಗೆ ಎಣ್ಣೆ ಸವರದೆ ಹ್ಯಾಂಡಲ್ ಎಳೆದಿರೋ, ಕೇಸು ಡೈಯೊಳಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ತಳಕ್ಕೆ ತೂತು ಕೊರೆದು, ತಿರುಪಿನ ಗೆರೆ ಕೊಯ್ದು, ಬೋಲ್ಟ್ ಹಾಕಿ ಎಳೆಯಬೇಕು.

ಯಾವುದನ್ನು ಕೊಂಡರೂ ತಕ್ಕಡಿಯಲ್ಲಿ ಜಿಪುಣತನ ಬೇಡ. ಮದ್ದನ್ನು ತೂಗುವುದು ಗ್ರೇನ್ ಎಂಬ ಸಣ್ಣ ಮಾಪಿನಲ್ಲಿ; ಒಂದು ಪೌಂಡ್ ಅಂದರೆ 7000 ಗ್ರೇನ್. ಕಾಡತೂಸಿಗೆ ಬೀಳುವುದು ಅದರಲ್ಲಿ ಚಿಟಿಕೆಯಷ್ಟೇ. ಮದ್ದು ಹಾಕುವ ಅಳತೆ ಚಮಚ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಮದ್ದು ಕಂಪನಿಯ ಕೈಪಿಡಿಯ ಆರಂಭಿಕ ತೂಕದಿಂದಲೇ ಹೊರಡಿ. ಪಿಸ್ತೂಲಿನ ಕೇಸಿನಲ್ಲಿ ಎರಡು ಸಲ ಮದ್ದು ಬಿದ್ದರೂ ತುಂಬಿ ಚೆಲ್ಲದಿರಬಹುದು, ಬಂದೂಕು ಮಾತ್ರ ಒಡೆಯಬಹುದು. 50 ಕೇಸುಗಳನ್ನು ಬ್ಲಾಕಿನಲ್ಲಿ (ಕುಳಿಗಳಿರುವ ಹಲಗೆಯಲ್ಲಿ) ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡಿದ ಮೇಲೇ ಬುಲೆಟ್ ಕೂರಿಸಿ.

9 ಎಂಎಂ ಒಂದಕ್ಕೇ ಆದರೆ ಉಳಿತಾಯ ಅಷ್ಟಕ್ಕಷ್ಟೆ. ರೈಫಲ್‌ಗಾದರೆ ಪ್ರೆಸ್ಸೇ ಮೇಲು, ಸೆಕೆಂಡ್ ಹ್ಯಾಂಡ್ ಆದರೂ ಸರಿ.