ಸಮೀರ್ ಆ್ಯಪ್: ದೊಡ್ಡ ನಂಬರ್ ಒಂದೇ ನೋಡಿದರೆ ಸಾಲದು

ಮಗನಿಗೆ ಉಬ್ಬಸ. ಮನೆ ಬಿಟಿಎಂ ಲೇಔಟಿನಲ್ಲಿ. ಹಾಗಾಗಿ ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ನನಗೆ ದಿನಾ ಬೇಕು. ದುಡ್ಡೇನೂ ಕೊಡಬೇಕಿಲ್ಲ. ಸಿಲ್ಕ್ ಬೋರ್ಡ್, ಹೆಬ್ಬಾಳ, ಪೀಣ್ಯ ಅಂತ ಗಾಳಿ ಅಳೆಯುವ, ನಮಗೆ ಹತ್ತಿರದ ಸ್ಟೇಷನ್ ಆರಿಸಿಕೊಳ್ಳಬಹುದು. ಇಡೀ ಬೆಂಗಳೂರಿಗೆ ಒಂದೇ ಸರಾಸರಿ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಹೆಚ್ಚಿನವರು ದೊಡ್ಡ ನಂಬರ್ ನೋಡಿ ಆ್ಯಪ್ ಮುಚ್ಚಿಬಿಡುತ್ತಾರೆ. ಆ ಎಕ್ಯೂಐ (ಗಾಳಿ ಗುಣಮಟ್ಟ ಸೂಚ್ಯಂಕ) ಎಲ್ಲ ಮಾಲಿನ್ಯ ಕೂಡಿಸಿದ ಲೆಕ್ಕ ಅಲ್ಲ. ಪಿಎಂ 2.5 (ತೀರಾ ಸಣ್ಣ ಕಣ), ಪಿಎಂ 10 (ಸ್ವಲ್ಪ ದಪ್ಪ ಕಣವೂ ಸೇರಿದ್ದು), ಓಝೋನ್ ಹೀಗೆ ಒಂದೊಂದಕ್ಕೂ ಅಂಕ ಹಾಕಿ, ಯಾವುದು ಜಾಸ್ತಿಯೋ ಅದನ್ನೇ ತೋರಿಸುತ್ತಾರೆ. 100 ಅಂಕ ಬಂತು ಅನ್ನಿ. ಅದು ಓಝೋನಿನದಾಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿಯಲ್ಲೇ ಇದೆ. ಪಿಎಂ 10 ಆಗಿದ್ದರೆ ಮಿತಿಯ ಎರಡು ಪಟ್ಟಿಗಿಂತ ಚೂರು ಜಾಸ್ತಿ. ಪಿಎಂ 2.5 ಆಗಿದ್ದರೆ? ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ. ಅವರ ದಿನದ ಮಿತಿ 15. ಬರೋಬ್ಬರಿ ನಾಲ್ಕು ಪಟ್ಟು! ಆದರೂ ನಮ್ಮ ಪಟ್ಟಿಯಲ್ಲಿ ಅದು ‘ತೃಪ್ತಿಕರ’, ಬಣ್ಣ ಹಸಿರು.

ರಸ್ತೆ ಅಗೆದಾಗ ಏಳುವ ಧೂಳಿನ ದಪ್ಪ ಕಣಗಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ಅದೂ ಒಳ್ಳೆಯದಲ್ಲ, ಕೆಮ್ಮು ಬರುತ್ತದೆ. ಆದರೆ ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆಯಲ್ಲಿರುವ ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಕೆಲವು ರಕ್ತಕ್ಕೂ ಸೇರುತ್ತವೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಪಾಯ ಹೆಚ್ಚುವುದು ಇದರಿಂದಲೇ.

ಅದಕ್ಕೇ ನಾನು ಸ್ಟೇಷನ್ ಒತ್ತಿ ಮೊದಲು ಪಿಎಂ 2.5 ನೋಡುತ್ತೇನೆ. ಆಮೇಲೆ ನೈಟ್ರೋಜನ್ ಡೈಆಕ್ಸೈಡ್. ಅದು ವಾಹನಗಳ ಹೊಗೆಯದು, ಉಬ್ಬಸ ಇರುವ ಮಕ್ಕಳಿಗೆ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಓಝೋನ್ ಮೇಲೂ ಒಂದು ಕಣ್ಣು. ಬಿಸಿಲು ಏರಿದಂತೆ ಅದೂ ಏರುತ್ತದೆ, ಹಾಗಾಗಿ ಮಧ್ಯಾಹ್ನ ಮೈದಾನ ಬೇಡ ಅಂತೀನಿ.

ಇನ್ನೊಂದು ವಿಷಯ ಗೊತ್ತಿರಲಿ. ಕಣಗಳ ಅಂಕ ಹಿಂದಿನ 24 ಗಂಟೆಯ ಸರಾಸರಿ. ಸಂಜೆ ಏಳಕ್ಕೆ ಹೊರ ವರ್ತುಲ ರಸ್ತೆಯಲ್ಲಿ ಬಸ್ಸು, ಲಾರಿ ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದರೂ ನಂಬರ್ ಅಷ್ಟಾಗಿ ಅಲ್ಲಾಡುವುದಿಲ್ಲ. ಆ ಹೊತ್ತಿಗೆ ಮಗುವನ್ನು ಹೊರಗೆ ಕಳಿಸಬಹುದಾ ಅಂತ ಆ್ಯಪ್ ಕೇಳಬೇಡಿ, ಬಾಲ್ಕನಿಯಿಂದ ರಸ್ತೆ ನೋಡಿ.

ಆ್ಯಪ್‌ಗೆ ನನ್ನ ಅಂಕ ಐದಕ್ಕೆ ಮೂರೂವರೆ. ಪಿಎಂ 2.5 ಅನ್ನು ಮೇಲೆಯೇ ಬೇರೆಯಾಗಿ ತೋರಿಸಿ, ಪಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಹಾಕಿದ ದಿನ ಐದೂ ಕೊಡುತ್ತೇನೆ.